ಸಂಜೆ ಯಾರದು? ಹೆಣ್ಣುಮಕ್ಕಳ ವಸತಿಶಾಲೆಗಳನ್ನು ಕುರಿತು ಒಂದು ವಿಚಾರ

ಕನ್ನಡದ ಆತ್ಮಕಥನಗಳನ್ನು ಓದಿದವರಿಗೆ ‘ವಾರಾನ್ನ’ ಎಂಬ ಪದ ಅಪರಿಚಿತವಲ್ಲ. ಹಳ್ಳಿಯ ಬಡ ಹುಡುಗನೊಬ್ಬ ಪಟ್ಟಣಕ್ಕೆ ಬಂದು, ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು, ಯಾವುದೋ ಗುಡಿಯ ಪಡಸಾಲೆಯಲ್ಲಿ ಮಲಗಿ, ಬೀದಿದೀಪದ ಕೆಳಗೆ ಓದಿ ಮುಂದೆ ಬಂದ ಕಥೆ ನಮ್ಮ ಶಿಕ್ಷಣದ ಇತಿಹಾಸದ ಒಂದು ಮುಖ್ಯ ಅಧ್ಯಾಯ. ವಾರಾನ್ನದ ಜೊತೆಗೆ ಮಠಗಳ ಪ್ರಸಾದ ನಿಲಯಗಳು, ಸಮುದಾಯಗಳ ಬೋರ್ಡಿಂಗುಗಳು, ಸರ್ಕಾರದ ಹಾಸ್ಟೆಲುಗಳು ಬಂದವು. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಕೃತಿಯಲ್ಲಿ ಮೈಸೂರಿನ ರಾಮಕೃಷ್ಣಾಶ್ರಮಕ್ಕೆ ಇರುವ ಸ್ಥಾನ, ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಹಾಸ್ಟೆಲಿಗೆ ಇರುವ ಸ್ಥಾನ ಎಷ್ಟು ದೊಡ್ಡದೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ತರಗತಿಯಲ್ಲಿ ಕಲಿತದ್ದಕ್ಕಿಂತ ತರಗತಿ ಮುಗಿದ ಮೇಲೆ ಕಲಿತದ್ದೇ ಹೆಚ್ಚು ಎಂಬ ಅನುಭವ ಇಂತಹ ಬರಹಗಳ ಹಿಂದೆ ಇದೆ.

ಆದರೆ ಈ ಕಥೆಗಳೆಲ್ಲ ಗಂಡುಮಕ್ಕಳ ಕಥೆಗಳು. ಹೆಣ್ಣುಮಗಳಿಗೆ ವಾರಾನ್ನವಿರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅವಳು ಪರರ ಮನೆಯಲ್ಲಿ ಉಂಡು, ಪರಊರಿನ ಪಡಸಾಲೆಯಲ್ಲಿ ಮಲಗಿ ವಿದ್ಯೆ ಕಲಿಯುವುದನ್ನು ಯಾವ ಸಮಾಜವೂ ಕಲ್ಪಿಸಿಕೊಳ್ಳಲಿಲ್ಲ. ಕಲಿತ ಕೆಲವರು ಮನೆಯಲ್ಲೇ ಕಲಿತರು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಅವರು ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿ, ಲೇಖಕಿಯಾಗಿ, ಪ್ರಕಾಶಕಿಯಾಗಿ ಬೆಳೆದದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ. ಮನೆಯಲ್ಲಿ ಅಂತಹ ತಂದೆ ಇಲ್ಲದವಳ ಗತಿಯೇನು ಎಂಬ ಪ್ರಶ್ನೆಗೆ ನಮ್ಮ ಸಾಹಿತ್ಯಚರಿತ್ರೆ ಉತ್ತರ ಕೊಡುವುದಿಲ್ಲ. ಹೆಣ್ಣುಮಕ್ಕಳ ಶಾಲೆಯ ಪ್ರಶ್ನೆಯನ್ನು ನಾನು ಇಲ್ಲಿಂದ ಆರಂಭಿಸಲು ಇಚ್ಛಿಸುತ್ತೇನೆ. ಅದು ಬೆಂಚಿನ ಪ್ರಶ್ನೆ ಮಾತ್ರವಲ್ಲ, ಹಾಸಿಗೆಯ ಪ್ರಶ್ನೆಯೂ ಹೌದು. ಇನ್ನೂ ಖಚಿತವಾಗಿ ಹೇಳುವುದಾದರೆ, ಶಾಲೆ ಬಿಟ್ಟ ಮೇಲಿನ ಸಂಜೆ ಯಾರದು ಎಂಬ ಪ್ರಶ್ನೆ.

ಕಲಬುರಗಿ ಜಿಲ್ಲೆಯವರಿಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳುವ ವಿಶೇಷ ಬಾಧ್ಯತೆಯಿದೆ. ಕಾಗಿಣಾ ನದಿಯ ದಡದ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಇದೇ ಜಿಲ್ಲೆಯಲ್ಲಿದೆ. ಅಮೋಘವರ್ಷ ನೃಪತುಂಗನ ಗುರುವಾಗಿದ್ದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸಿದರು. ಅದನ್ನು ಆಧಾರವಾಗಿಟ್ಟುಕೊಂಡು ಕ್ರಿ.ಶ. 941ರಲ್ಲಿ ಪಂಪ ಕನ್ನಡದ ಆದಿಪುರಾಣವನ್ನು ಬರೆದ. ಅದರಲ್ಲಿ ಬರುವ ಒಂದು ಪ್ರಸಂಗ ಎಲ್ಲರಿಗೂ ತಿಳಿದದ್ದೇ. ವೃಷಭನಾಥನು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುತ್ತಾನೆ. ಬ್ರಾಹ್ಮಿಗೆ ಅಕ್ಷರ, ಸೌಂದರಿಗೆ ಅಂಕೆ. ಲಿಪಿ ಮತ್ತು ಗಣಿತ ಲೋಕಕ್ಕೆ ಬಂದದ್ದು ಹೆಣ್ಣುಮಕ್ಕಳ ಮೂಲಕ ಎಂದು ಕಲ್ಪಿಸಿದ ಪರಂಪರೆ ಇದು. ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಬರೆದದ್ದೂ ಅದೇ ಅಮೋಘವರ್ಷನ ಕಾಲದಲ್ಲಿ.

ಈ ಪ್ರಸಂಗವನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಪಡುವುದು ತಪ್ಪಲ್ಲ. ಆದರೆ ಕಥೆಯನ್ನು ಪೂರ್ತಿ ಓದಬೇಕು. ಬ್ರಾಹ್ಮಿ, ಸೌಂದರಿಯರು ಕಲಿತದ್ದು ಅರಮನೆಯಲ್ಲಿ, ತಂದೆಯ ತೊಡೆಯ ಬಳಿ. ಮುಂದೆ ಅವರು ಅರಮನೆಯನ್ನು ಬಿಟ್ಟು ಹೊರಬಂದದ್ದು ದೀಕ್ಷೆ ಪಡೆಯುವುದಕ್ಕಾಗಿ. ಪುರಾಣದ ಆಚೆಗೂ ಚಿತ್ರ ಇದೇ. ಶಾಸನಗಳಲ್ಲಿ ಕಾಣಸಿಗುವ ಕಂತಿಯರು ಮನೆಯ ಹೊರಗೆ, ಹೆಂಗಸರ ಸಮೂಹದಲ್ಲಿ, ಗುರುವಿನ ಆಶ್ರಯದಲ್ಲಿ ಬದುಕಿದವರು. ಆದರೆ ಅವರು ಸಂನ್ಯಾಸಿನಿಯರು. ಅಕ್ಕಮಹಾದೇವಿ ಮನೆಯನ್ನು ತೊರೆದು ಕಲ್ಯಾಣದ ಕಡೆಗೆ ನಡೆದಳು. ಆಕೆಯೂ ಮತ್ತೆ ಮನೆಗೆ ಮರಳಲಿಲ್ಲ. ನಮ್ಮ ಪರಂಪರೆಯಲ್ಲಿ ಜ್ಞಾನಕ್ಕಾಗಿ ಮನೆಯ ಹೊಸ್ತಿಲು ದಾಟುವ ಹೆಣ್ಣಿಗೆ ತೆರೆದಿದ್ದ ದಾರಿ ವೈರಾಗ್ಯದ್ದು. ಹೊಸ್ತಿಲು ದಾಟಿ, ಕಲಿತು, ಮತ್ತೆ ಅದೇ ಹೊಸ್ತಿಲಿಗೆ ಮರಳಿ ಬರುವ ದಾರಿಯನ್ನು ಸಾಮಾನ್ಯ ಹುಡುಗಿಗೆ ಮೊದಲ ಬಾರಿಗೆ ತೆರೆದದ್ದು ಆಧುನಿಕ ಕಾಲದ ಶಾಲೆ ಮತ್ತು ವಸತಿನಿಲಯ. ಅದಕ್ಕಾಗಿಯೇ ನಾನು ಹೆಣ್ಣುಮಕ್ಕಳ ವಸತಿಶಾಲೆಯನ್ನು ಬರಿಯ ಸೌಕರ್ಯವೆಂದು ತಿಳಿಯುವುದಿಲ್ಲ. ಅದು ನಮ್ಮ ಸಂಸ್ಕೃತಿಯಲ್ಲಿ ಹೊಸದಾಗಿ ಸೇರಿದ ಒಂದು ಸಂಸ್ಥೆ.

ಕಲಬುರಗಿ ನಗರದಲ್ಲಿ ಈ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು ಬಿದ್ದದ್ದು 1934ರಲ್ಲಿ. ಆಗ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆ ಉರ್ದು. ಆಡಳಿತದ ಭಾಷೆಯೂ ಉರ್ದು. ಕನ್ನಡದಲ್ಲಿ ಕಲಿಯುವುದು ಗಂಡುಮಕ್ಕಳಿಗೇ ಕಷ್ಟವಾಗಿದ್ದ ಆ ಕಾಲದಲ್ಲಿ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿ ಮಹಾದೇವಿ ಕನ್ಯಾ ಪಾಠಶಾಲೆಯನ್ನು ತೆರೆದರು. ಸರ್ಕಾರದ್ದಲ್ಲದ, ಒಂದು ಮಠದ ದಾಸೋಹ ಪರಂಪರೆಯಿಂದ ಹುಟ್ಟಿದ ಶಾಲೆಯದು. ಅನ್ನದಾಸೋಹಕ್ಕೆ ಹೆಸರಾದ ಸ್ಥಳವೊಂದು ಹೆಣ್ಣುಮಕ್ಕಳ ಅಕ್ಷರದಾಸೋಹವನ್ನೂ ತನ್ನ ಕರ್ತವ್ಯವೆಂದು ತಿಳಿದದ್ದು ದೊಡ್ಡ ಮಾತು. ಮುಂದೆ ಅದೇ ಸಂಸ್ಥೆಯ ಆಶ್ರಯದಲ್ಲಿ ಗೋದುತಾಯಿ ದೊಡ್ಡಪ್ಪ ಅಪ್ಪ ಮಹಿಳಾ ಮಹಾವಿದ್ಯಾಲಯವೂ ಬಂದಿತು. ಇಂದು ಈ ನಗರದಲ್ಲಿ ಹೆಣ್ಣುಮಕ್ಕಳ ಶಾಲೆ, ಕಾಲೇಜುಗಳಿಗೆ ಕೊರತೆಯಿಲ್ಲ.

ಆದರೂ 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. 55ರ ಆಸುಪಾಸಿನಲ್ಲಿತ್ತು; ರಾಜ್ಯದ ಸರಾಸರಿ ಶೇ. 68ರಷ್ಟು. ಜಿಲ್ಲೆಯ ಗಂಡಸರಿಗೂ ಹೆಂಗಸರಿಗೂ ನಡುವೆ ಇದ್ದ ಅಂತರ ಸುಮಾರು 19 ಅಂಶ. ನಗರದಲ್ಲಿ ಶಾಲೆ ಇದ್ದ ಮಾತ್ರಕ್ಕೆ ಊರಿನ ಹುಡುಗಿಗೆ ಅದು ಸಿಕ್ಕಿತೆಂದು ಅರ್ಥವಲ್ಲ. ನಗರಕ್ಕೂ ಊರಿಗೂ ನಡುವಿನ ಹಾದಿಯಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ಕಮಲಾಪುರದ ಕಡೆಗೆ ಹೋಗಬೇಕು.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ಸಾಗಿದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಕೆಲವು ವರ್ಷಗಳ ಹಿಂದಷ್ಟೇ ತಾಲ್ಲೂಕು ಕೇಂದ್ರವಾಯಿತು. ಸುತ್ತ ತೊಗರಿ, ಜೋಳ ಬೆಳೆಯುವ ಮಳೆಯಾಶ್ರಯದ ಹೊಲಗಳು, ಅಲ್ಲಲ್ಲಿ ಲಂಬಾಣಿ ತಾಂಡಾಗಳು. ಸುಗ್ಗಿ ಮುಗಿದ ಮೇಲೆ ಈ ಭಾಗದ ಅನೇಕ ಕುಟುಂಬಗಳು ದುಡಿಮೆಗಾಗಿ ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಆಗ ಮನೆಯ ಹುಡುಗಿಗೆ ಇರುವುದು ಎರಡೇ ದಾರಿ. ತಂದೆತಾಯಿಯ ಜೊತೆಗೆ ಹೋಗಿ ತಮ್ಮತಂಗಿಯರನ್ನು ನೋಡಿಕೊಳ್ಳುವುದು, ಇಲ್ಲವೇ ಊರಲ್ಲಿ ಅಜ್ಜಿಯ ಬಳಿ ಉಳಿದು ಮನೆ ನಡೆಸುವುದು. ಎರಡರಲ್ಲೂ ಶಾಲೆಗೆ ಸ್ಥಾನ ಕಡಮೆ.

ಈ ಹಾದಿಯಲ್ಲಿ ಒಂದು ಸಂಜೆ ನಾನು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದಳು. ನಗರದ ಕಾಲೇಜೊಂದರಲ್ಲಿ ಪಿಯುಸಿ. “ಏನವ್ವ, ಇಷ್ಟು ಗದ್ದಲದಾಗ ಓದ್ಲಿಕ್ಕೆ ಆಗ್ತದೇನು? ಮನಿಗಿ ಹೋಗಿ ಓದಬಾರ್ದಾ?” ಎಂದು ಕೇಳಿದೆ. “ಓದೋದು ಇಲ್ಲೇ ನೋಡ್ರಿ ಸರ್. ಮನಿಗಿ ಹೋದ್ರ ನೀರು ತರಬೇಕು, ರೊಟ್ಟಿ ಬಡೀಬೇಕು. ಆಮ್ಯಾಲ ನಿದ್ದಿ ಬರ್ತದ್ರಿ” ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ದಿನಚರಿಯನ್ನು ಹೇಳಿದಳು, ಅಷ್ಟೆ.

2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಹುಡುಗಿಗೆ ಬಸ್ಸಿನ ಖರ್ಚಿಲ್ಲ. ಇದು ಸಣ್ಣ ಸಂಗತಿಯಲ್ಲ. ಬಸ್ ಚಾರ್ಜಿನ ನೆಪದಲ್ಲಿ ನಿಲ್ಲುತ್ತಿದ್ದ ಎಷ್ಟೋ ಹುಡುಗಿಯರ ಓದು ಮುಂದುವರಿಯಲು ಅದು ನೆರವಾಗಬಲ್ಲದು. ಇದಕ್ಕೂ ಮೊದಲು 2006–07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಊರಿನಿಂದ ಪ್ರೌಢಶಾಲೆಯ ದೂರವನ್ನು ಕಡಿಮೆ ಮಾಡಿತ್ತು. ಆದರೆ ಬಸ್ಸೂ ಸೈಕಲ್ಲೂ ಹುಡುಗಿಯನ್ನು ಶಾಲೆಗೆ ತಲುಪಿಸುತ್ತವೆ, ಮನೆಗೆ ಮರಳಿಸುತ್ತವೆ; ಅವಳ ಸಂಜೆಯನ್ನು ಅವಳಿಗೆ ಕೊಡಲಾರವು. ಹೋಗಿಬರುವುದಕ್ಕೆ, ಬಸ್ಸಿಗಾಗಿ ಕಾಯುವುದಕ್ಕೆ ದಿನದ ಎರಡು ಮೂರು ಗಂಟೆ. ಉಳಿದದ್ದು ಒಲೆಯ ಮುಂದೆ. ಅದೇ ಮನೆಯ ಹುಡುಗ ಅದೇ ಬಸ್ಸಿನಲ್ಲಿ ಬಂದರೂ ಅವನಿಗೆ ರೊಟ್ಟಿ ಬಡಿಯುವ ಕೆಲಸವಿಲ್ಲ. ದಿನಶಾಲೆಯಲ್ಲಿ ಇಬ್ಬರಿಗೂ ಒಂದೇ ಪಾಠ ದೊರೆಯುತ್ತದೆ, ಒಂದೇ ಸಂಜೆ ದೊರೆಯುವುದಿಲ್ಲ. ಪರೀಕ್ಷೆಯ ದಿನ ಮಾತ್ರ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ.

ವಸತಿಶಾಲೆಯ ಅಗತ್ಯ ಇರುವುದು ಇಲ್ಲಿ. ಸರ್ಕಾರ ಇದನ್ನು ಅರಿತಿಲ್ಲವೆಂದಲ್ಲ. ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಮೂಲಕ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳು ನಡೆಯುತ್ತಿವೆ. 2004ರಲ್ಲಿ ಕೇಂದ್ರ ಸರ್ಕಾರ ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕುಗಳಿಗಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆಯನ್ನು ತಂದಿತು. ಅದರ ಸೀಟುಗಳಲ್ಲಿ ಮುಕ್ಕಾಲು ಪಾಲು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಹುಡುಗಿಯರಿಗೆ. ಉಳಿದದ್ದು ಬಡತನರೇಖೆಯ ಕೆಳಗಿನವರಿಗೆ. ಆದರೆ ಮೂಲ ಯೋಜನೆ ಆರನೆಯ ತರಗತಿಯಿಂದ ಎಂಟನೆಯವರೆಗೆ ಮಾತ್ರ ಇತ್ತು. ಹನ್ನೆರಡನೆಯ ತರಗತಿಯವರೆಗೆ ವಿಸ್ತರಿಸುವ ಅವಕಾಶ ಬಂದದ್ದು 2018ರ ಸಮಗ್ರ ಶಿಕ್ಷಾ ಯೋಜನೆಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ರಕ್ಷಣೆಯೂ ಹದಿನಾಲ್ಕು ವರ್ಷಕ್ಕೆ ನಿಲ್ಲುತ್ತದೆ. ಮದುವೆಗೆ ಕಾನೂನು ಹೇಳುವ ವಯಸ್ಸು ಹದಿನೆಂಟು. ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಸ್ಪಷ್ಟಪಡಿಸಿದೆ. ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವೆ ಇರುವ ಈ ನಾಲ್ಕು ವರ್ಷಗಳೇ ಹುಡುಗಿಯ ಬದುಕನ್ನು ನಿರ್ಧರಿಸುವ ವರ್ಷಗಳು. ಎಂಟನೆಯ ತರಗತಿ ಮುಗಿಸಿ ಪೆಟ್ಟಿಗೆ ಹಿಡಿದು ಊರಿಗೆ ಮರಳಿದ ಹುಡುಗಿಗೆ ಕಾಯಿದೆ ಮದುವೆ ಬೇಡವೆನ್ನುತ್ತದೆ. ಆದರೆ ಮುಂದೆ ಎಲ್ಲಿ ಉಳಿದು ಓದಬೇಕೆಂಬುದನ್ನು ಅದು ಹೇಳುವುದಿಲ್ಲ.

ಸರ್ಕಾರದ ಸೀಟುಗಳು ಸಾಲದಿದ್ದಲ್ಲಿ ಖಾಸಗಿ ಸಂಸ್ಥೆಗಳು ಬರುತ್ತವೆ. ಕಲಬುರಗಿಯಲ್ಲಿಯೂ ಅದರ ಸುತ್ತಮುತ್ತಲಿನ ಹೆದ್ದಾರಿಗಳಲ್ಲಿಯೂ ಹೆಣ್ಣುಮಕ್ಕಳ ವಸತಿ ಮತ್ತು ದಿನಶಾಲೆಗಳ ಫಲಕಗಳು ಹೆಚ್ಚುತ್ತಿವೆ. ಅವುಗಳಲ್ಲಿ ಒಳ್ಳೆಯವೂ ಇವೆ. ನನ್ನ ಆಕ್ಷೇಪ ಯಾವುದೋ ಒಂದು ಶಾಲೆಯ ಮೇಲಲ್ಲ, ಒಂದು ದೃಷ್ಟಿಯ ಮೇಲೆ. ಇಂತಹ ಶಾಲೆಗಳ ಜಾಹೀರಾತುಗಳಲ್ಲಿ ಎದ್ದು ಕಾಣುವ ಮಾತುಗಳು ಮೂರು: ಎತ್ತರದ ಕಂಪೌಂಡು, ಸಿಸಿಟಿವಿ ಕ್ಯಾಮೆರಾ, ಇಪ್ಪತ್ತನಾಲ್ಕು ಗಂಟೆಯೂ ವಾರ್ಡನ್. ಪೋಷಕರೂ ಮೊದಲು ಕೇಳುವುದು ಅದನ್ನೇ. ಗ್ರಂಥಾಲಯ ಎಲ್ಲಿದೆ, ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಕೇಳುವ ತಂದೆಯನ್ನು ನಾನು ಕಂಡಿಲ್ಲ. ಭದ್ರತೆ ಬೇಡವೆಂದು ಯಾರೂ ಹೇಳಲಾರರು. ಮಗಳನ್ನು ದೂರದಲ್ಲಿ ಬಿಟ್ಟ ತಾಯಿಯ ಆತಂಕ ನಿಜವಾದದ್ದು. ಆದರೆ ಭದ್ರತೆ ವಿದ್ಯೆಗೆ ಬೇಲಿಯಾಗಬೇಕೇ ಹೊರತು ವಿದ್ಯೆಯ ಬದಲಿಗೆ ಬರಬಾರದು. ಬೆಳೆಯೇ ಇಲ್ಲದ ಹೊಲಕ್ಕೆ ಬೇಲಿ ಕಟ್ಟಿ ಪ್ರಯೋಜನವೇನು?

ಇದಕ್ಕೆ ಇನ್ನೊಂದು ಒತ್ತಡವೂ ಸೇರಿದೆ. ಸಂವಿಧಾನದ 371(ಜೆ) ವಿಧಿಯಿಂದ ಈ ಪ್ರದೇಶದ ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದಲ್ಲಿ ಸ್ಥಳೀಯ ಮೀಸಲಾತಿ ದೊರೆತಿದೆ. ಬಹಳ ಕಾಲದ ಅನ್ಯಾಯಕ್ಕೆ ದೊರೆತ ಪರಿಹಾರ ಅದು; ಅದರಿಂದ ವೈದ್ಯೆಯರೂ ಎಂಜಿನಿಯರುಗಳೂ ಆದ ಹೆಣ್ಣುಮಕ್ಕಳನ್ನು ಕಂಡು ಸಂತೋಷಪಡಬೇಕು. ಆದರೆ ಅದರ ಬೆನ್ನಿಗೆ ವಸತಿ ಕಾಲೇಜುಗಳ ದಿನಚರಿ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ನೀಟ್, ಸಿಇಟಿ ತರಬೇತಿಯಿಂದ ತುಂಬಿಹೋಗಿದೆ. ಊರಿನಲ್ಲಿ ಹುಡುಗಿಯ ಸಂಜೆಯನ್ನು ಒಲೆ ತೆಗೆದುಕೊಂಡರೆ, ದಾರಿಯಲ್ಲಿ ಬಸ್ಸು ತೆಗೆದುಕೊಂಡರೆ, ಇಲ್ಲಿ ಕೋಚಿಂಗ್ ತೆಗೆದುಕೊಳ್ಳುತ್ತದೆ. ಪಠ್ಯಕ್ಕೆ ಸೇರದ ಒಂದು ಪುಸ್ತಕವನ್ನು ಕೈಗೆತ್ತಿಕೊಳ್ಳುವ, ಗೆಳತಿಯೊಡನೆ ವಾದ ಮಾಡುವ, ಸುಮ್ಮನೆ ಕುಳಿತು ಯೋಚಿಸುವ ಹೊತ್ತು ಅವಳಿಗೆ ಎಲ್ಲಿಯೂ ಇಲ್ಲ. ಹುಡುಗರಿಗೆ ಹಾಸ್ಟೆಲು ಕೊಟ್ಟಿದ್ದು ನಿಜವಾಗಿ ಇದೇ ಹೊತ್ತನ್ನು. ಅದರಿಂದಲೇ ಅವರಲ್ಲಿ ಲೇಖಕರು, ಸಂಘಟಕರು, ಚಳವಳಿಗಾರರು ಹುಟ್ಟಿದರು.

ವಸತಿಶಾಲೆಗಳ ವಿರುದ್ಧ ಹೇಳುವ ಮಾತೊಂದಿದೆ. ಅದನ್ನು ಗೌರವದಿಂದಲೇ ಕೇಳಬೇಕು. ಮಗು ಬೆಳೆಯಬೇಕಾದದ್ದು ಮನೆಯಲ್ಲಿ, ತನ್ನ ನುಡಿಯಲ್ಲಿ ಎಂಬುದು ಆ ಮಾತು. ಈ ಜಿಲ್ಲೆಯ ಹುಡುಗಿಯರು ಮನೆಯಲ್ಲಿ ಆಡುವುದು ಇಲ್ಲಿಯ ಕನ್ನಡ, ಲಂಬಾಣಿ, ದಖನಿ ಉರ್ದು, ತೆಲುಗು, ಮರಾಠಿ. ಹತ್ತನೆಯ ವಯಸ್ಸಿಗೆ ವಸತಿಶಾಲೆ ಸೇರಿದ ಹುಡುಗಿ ಅಜ್ಜಿಯ ಹಾಡನ್ನು ಮರೆಯುತ್ತಾಳೆ, ತನ್ನ ಮಾತಿಗೆ ತಾನೇ ನಾಚುತ್ತಾಳೆ. ಇದು ಆಗಿರುವ ನಷ್ಟವೇ. ಆದರೆ ಇದಕ್ಕೆ ಪರಿಹಾರ ಹುಡುಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದಲ್ಲ. ಮನೆಯ ನುಡಿಗೆ ವಸತಿಶಾಲೆಯ ಸಂಜೆಯಲ್ಲಿ ಸ್ಥಾನ ಕೊಡುವುದು. ಊರಿಗೆ ಹೋದಾಗ ಅಜ್ಜಿಯಿಂದ ಕೇಳಿದ ಒಂದು ಹಾಡನ್ನೋ ಕಥೆಯನ್ನೋ ಬರೆದುಕೊಂಡು ಬರಬೇಕೆಂದು ಒಬ್ಬ ಶಿಕ್ಷಕಿ ಹೇಳಿದರೆ ಸಾಕು, ಮರೆವಿನ ಬದಲು ಸಂಗ್ರಹ ಆರಂಭವಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೂರು ಸಣ್ಣ ಸಂಗತಿಗಳನ್ನು ಹೇಳಬಯಸುತ್ತೇನೆ. ಮೊದಲನೆಯದು, ವಸತಿಶಾಲೆಗಳಲ್ಲಿ ಸಂಜೆಯ ಎರಡು ಗಂಟೆಯಾದರೂ ಗ್ರಂಥಾಲಯದ ಬಾಗಿಲು ತೆರೆದಿರಬೇಕು. ಆ ಹೊತ್ತಿನಲ್ಲಿ ತರಗತಿಯಾಗಲಿ ಪರೀಕ್ಷೆಯಾಗಲಿ ಇರಬಾರದು. ಎರಡನೆಯದು, ವಸತಿಯೂ ದಿನಶಾಲೆಯೂ ಒಟ್ಟಿಗೆ ಇರುವಲ್ಲಿ ದಿನವೂ ಮನೆಗೆ ಹೋಗುವ ಹುಡುಗಿಯರಿಗೂ ಕೊನೆಯ ಬಸ್ಸಿನವರೆಗೆ ಉಳಿದು ಓದಲು ಅವಕಾಶವಿರಬೇಕು, ಅವರಿಗೊಂದು ಊಟ ದೊರೆಯಬೇಕು. ದಾಸೋಹದ ನಾಡಿನಲ್ಲಿ ಇದು ಹೊರೆಯಾಗಬಾರದು. ಮೂರನೆಯದು, ಎಲ್ಲರೂ ನಗರಕ್ಕೆ ಬರಲಾರರು; ಕಮಲಾಪುರದಂತಹ ತಾಲ್ಲೂಕು ಕೇಂದ್ರಗಳಲ್ಲಿ ಹೆಣ್ಣುಮಕ್ಕಳಿಗೆಂದೇ ಸಂಜೆಯ ಓದುಕೋಣೆಯೊಂದು ಬೇಕು. ಒಂದು ಕೋಣೆ, ಕೆಲವು ಕಪಾಟು, ಒಂದು ದೀಪ, ಜವಾಬ್ದಾರಿ ಹೊರುವ ಒಬ್ಬ ಶಿಕ್ಷಕಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ.

ಸಂಶೋಧಕರಿಗೂ ಒಂದು ಮಾತು. ಬಸದಿ, ಶಾಸನ, ಓಲೆಗರಿಗಳನ್ನು ಹುಡುಕಿ ಹೊರಡುವ ನಾವು ನಮ್ಮ ಹತ್ತಿರದ ಹೆಣ್ಣುಮಕ್ಕಳ ಶಾಲೆಗಳ ದಾಖಲೆಗಳನ್ನು ನೋಡುವುದಿಲ್ಲ. ಹಳೆಯ ದಾಖಲಾತಿ ಪುಸ್ತಕಗಳು, ವರ್ಗಾವಣೆ ಪತ್ರಗಳ ಹಿಂದೆ ಬರೆದ ಕಾರಣಗಳು, ಹಾಸ್ಟೆಲಿನಿಂದ ಮನೆಗೆ ಬರೆದ ಕಾಗದಗಳು, ಹುಡುಗಿಯರು ಹೊರತಂದ ಕೈಬರಹದ ಪತ್ರಿಕೆಗಳು, ಇವೆಲ್ಲ ಈಗಲೂ ಎಲ್ಲೋ ಕಟ್ಟಿಟ್ಟ ಗಂಟುಗಳಲ್ಲಿ ಗೆದ್ದಲಿಗೆ ಕಾದಿವೆ. ನಿಜಾಮರ ಕಾಲದಲ್ಲಿ ಕನ್ನಡ ಕಲಿತ ಅಜ್ಜಿಯರಲ್ಲಿ ಬದುಕಿರುವವರು ಇನ್ನು ಕೆಲವರೇ. ಅವರ ಮಾತನ್ನು ದಾಖಲಿಸಿಕೊಂಡರೆ ಅದೇ ಒಂದು ಒಳ್ಳೆಯ ಸಂಶೋಧನ ಪ್ರಬಂಧವಾಗುತ್ತದೆ. ವಾರಾನ್ನದ ಕಥೆಗೆ ಎದುರಾಗಿ ಇಡಬಲ್ಲ ಹೆಣ್ಣಿನ ಶಿಕ್ಷಣದ ಕಥೆ ಅಲ್ಲಿಂದಲೇ ಹೊರಡಬೇಕು.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವು ಓದುತ್ತೇವೆ, ಓದಿಸುತ್ತೇವೆ. ದಾನಚಿಂತಾಮಣಿಯ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತೇವೆ. ಒಂದು ಪುಸ್ತಕ ಓದುವವರ ಕೈ ಸೇರಬೇಕೆಂಬ ಅವಳ ಹಂಬಲವನ್ನು ಇಂದಿನ ಹೆಣ್ಣುಮಕ್ಕಳ ವಸತಿಶಾಲೆಗಳಿಗೆ ಅಳತೆಗೋಲಾಗಿ ಹಿಡಿಯೋಣ. ಕಂಪೌಂಡು ಎಷ್ಟು ಎತ್ತರವಿದೆ ಎಂದು ಕೇಳುವ ಮೊದಲು ಕಪಾಟಿನಲ್ಲಿ ಎಷ್ಟು ಪುಸ್ತಕಗಳಿವೆ, ಅವುಗಳನ್ನು ತೆಗೆದು ಓದಲು ಹುಡುಗಿಗೆ ಸಂಜೆಯಲ್ಲಿ ಎಷ್ಟು ಹೊತ್ತಿದೆ ಎಂದು ಕೇಳೋಣ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓದುತ್ತಿದ್ದ ಆ ಹುಡುಗಿಗೆ ಕುಳಿತು ಓದಲು ಒಂದು ಜಾಗ ಬೇಕಾಗಿದೆ. ಅದನ್ನು ಕೊಡುವುದು ಈ ನಾಡಿಗೆ ಅಸಾಧ್ಯವೇನಲ್ಲ.